ಮಾಳಿಗೆಯ ಮೇಲಿನ ಎರೆ ಮಣ್ಣು

೧೯೮೯ರಲ್ಲಿ, ಏಳನೆಯ ತರಗತಿಯ ಪರೀಕ್ಷೆ ಬರೆದು, ನಾನು ಶಾಲೆ ಬಿಟ್ಟೆ. ಪಾಸಾದೆನೋ ಇಲ್ಲವೋ ನೋಡಲು ಹೋಗಲಿಲ್ಲ. ಮುಶಿಗೇರಿಯ ನಮ್ಮ ಓಣಿಯ ಗೌಂಡಿಯೊಬ್ಬರು ನರಗುಂದದಲ್ಲಿ ಮನೆ ಕಟ್ಟುತ್ತಿದ್ದರು, ಅವರಿಗೆ ಸಿಮೆಂಟು ಕಲಸುವ ಆಳು ಬೇಕಾಗಿತ್ತು. ನಮ್ಮಪ್ಪ ಕೇಳಿದ, ನಾನು ಹೂಂ ಅಂದೆ. ಊರಲ್ಲಿ ರಿಸಲ್ಟು ಹಚ್ಚುವ ಹೊತ್ತಿಗೆ ನನ್ನ ಅಂಗೈ ಸಿಮೆಂಟಿಗೆ ಒಡೆದು, ಮಾಯ್ದು, ಮತ್ತೆ ಒಡೆದಿತ್ತು. ಅದರ ಬಗ್ಗೆ ನನಗೆ ಇವತ್ತಿಗೂ ಕೊರಗಿಲ್ಲ. ಕೈಯಲ್ಲಿ ವಿದ್ಯೆ ಇದ್ದವನಿಗೆ ಕಾಗದದ ವಿದ್ಯೆ ಯಾಕೆ ಎಂದು ಬಹಳ ಜನರ ಮುಂದೆ ಹೇಳಿದ್ದೇನೆ. ಕೇಳದೇ ಇದ್ದವರ ಮುಂದೆಯೂ ಹೇಳಿದ್ದೇನೆ.

ನರಗುಂದ, ರೋಣ, ಗಜೇಂದ್ರಗಡ, ಈ ಮೂರೂ ಊರಲ್ಲಿ ನಾನು ಕಟ್ಟಿದ ಮನೆಗಳಿವೆ. ನನ್ನ ಸ್ಲ್ಯಾಬ್ ಸೋರುವುದಿಲ್ಲ ಎಂಬುದು ನನ್ನ ಮಾತು. ಬೇರೆಯವರೂ ಅದನ್ನು ಹೇಳುತ್ತಿದ್ದರು.

ನರಗುಂದ, ರೋಣದ ಕಡೆ ಮನೆ ಕಟ್ಟುವುದೆಂದರೆ ಮೊದಲು ಎರೆ ಮಣ್ಣಿನ ಜೊತೆ ಕುಸ್ತಿ. ಆ ಕಪ್ಪು ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಾಗೇ ಬುನಾದಿ ಹಾಕಿದರೆ ಮೂರು ವರ್ಷಕ್ಕೆ ಗೋಡೆ ಸೀಳುತ್ತದೆ. ಅದಕ್ಕೇ ಆಳಕ್ಕೆ ತೋಡಿ, ಎರೆಯನ್ನೆಲ್ಲ ತೆಗೆದು ಹೊರಗೆ ಚೆಲ್ಲಿ, ಗರಸು ತುಂಬಿ, ನೀರು ಬಿಟ್ಟು ಬಡಿದು, ಆಮೇಲೆ ಕಲ್ಲು ಇಡುತ್ತೇವೆ. ಮೂವತ್ತು ವರ್ಷಕ್ಕಿಂತ ಹೆಚ್ಚು ಇದನ್ನೇ ಮಾಡಿದವನು ನಾನು. ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ್ದನ್ನು ಗೊತ್ತಿಲ್ಲದೆ ಮಾಡಿದೆ ಎನ್ನುವ ಹಾಗಿಲ್ಲ.

ನನ್ನ ಹೆಂಡತಿ ಬೆಳವಣಕಿಯವಳು. ಅವಳ ತವರಿನವರದು ಸಣ್ಣ ಹೊಲ, ಆದರೆ ಕಾಡಿಗೆಯಂಥ ಎರೆ. ಮುಶಿಗೇರಿಯಲ್ಲಿ ನಮಗೆ ಹೊಲವೇ ಇರಲಿಲ್ಲ. ಕಂಡವರ ಕೆಂಪು ಮಸಾರಿ ಹೊಲದಲ್ಲಿ ನಮ್ಮವ್ವನ ಜೊತೆ ಕಲ್ಲು ಆರಿಸಿ ಬೆಳೆದವನು ನಾನು. ನಮ್ಮ ಮದುವೆಯ ಊಟದಲ್ಲಿ ಅವರ ಕಡೆಯ ಹಿರಿಯರೊಬ್ಬರು, "ಮಸಾರಿಯವ್ರಿಗೆ ಎರಿ ಹೆಣ್ಣ ಕೊಟ್ಟೀವಿ, ಜ್ವಾಕಿ ಮಾಡ್ರೆಪಾ" ಎಂದು ನಗಾಡಿದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಮಾತು ನನ್ನೊಳಗೆ ಅಷ್ಟು ವರ್ಷ ಕೂತಿತ್ತೆಂದು ಆಗ ತಿಳಿಯಲಿಲ್ಲ.

ಕಳೆ ತೆಗೆಯುವುದರಲ್ಲಿ, ಮೆಣಸಿನಕಾಯಿ ಬಿಡಿಸುವುದರಲ್ಲಿ ಅವಳ ಬಲಗೈಯನ್ನು ಹಿಡಿಯುವವರಿರಲಿಲ್ಲ. ಹತ್ತು ಹೆಂಗಸರು ಸಾಲು ಹಿಡಿದರೆ ಇವಳು ಬದುವಿಗೆ ಮುಟ್ಟಿ, ನೀರು ಕುಡಿದು, ತಿರುಗಿ ನೋಡಿದಾಗ ಉಳಿದವರು ಇನ್ನೂ ನಡುವೆ ಇರುತ್ತಿದ್ದರು. ಗಜೇಂದ್ರಗಡಕ್ಕೆ ಬಂದು ನೆಲೆಸಿದ ಮೇಲೂ ಸುತ್ತಲಿನ ಹೊಲಗಳಿಗೆ ಕೂಲಿಗೆ ಹೋಗುವುದನ್ನು ಬಿಡಲಿಲ್ಲ. ಮಗಳನ್ನು ಲಕ್ಕಲಕಟ್ಟಿಗೆ ಕೊಟ್ಟು ಕಳಿಸಿದ ಮೇಲೆ, ಇನ್ನು ಮನೆಯಲ್ಲಿರು ಅಂದೆ. "ನೀವ್ ಕರಣಿ ಇಟ್ಟ ಮನಿಯಾಗ ಕುಂಡ್ರತೀರೇನ್ರಿ? ಕುಂಡ್ರಿ, ನಾನೂ ಕುಂಡ್ರತೀನಿ" ಅಂದಳು. ಕರಣಿ ಎಂದರೆ ನಾವು ಗಾರೆ ಎಳೆಯುವ ತಾಪಿ. ನಾನು ಕರಣಿ ಇಡಲಿಲ್ಲ, ಅವಳು ಕೂಡಲಿಲ್ಲ.

ಎರಡು ವರ್ಷದ ಹಿಂದೆ, ಯುಗಾದಿ ಕಳೆದ ಮೇಲೆ, ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳ ಬಲಗೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ಲಕ್ವಾ. ದವಾಖಾನೆಯಲ್ಲಿ ಹನ್ನೆರಡು ದಿನ ಇಟ್ಟುಕೊಂಡರು. ಮಾತು ಮೂರು ವಾರಕ್ಕೆ ತಿರುಗಿ ಬಂತು. ಕಾಲು ಎಳೆದುಕೊಂಡಾದರೂ ಎರಡು ತಿಂಗಳಿಗೆ ಬಂತು. ಕೈ ಬರಲಿಲ್ಲ. ಮೊಣಕೈ ಮಡಚಿ, ಬೆರಳು ಒಳಗೆ ಸೇರಿಸಿಕೊಂಡು, ಎದೆಯ ಹತ್ತಿರ ಮಲಗಿಬಿಟ್ಟಿತ್ತು.

"ಕೈಗೆ ದಿನಾ ಕೆಲಸಾ ಕೊಡ್ರಿ" ಎಂದರು ಡಾಕ್ಟರು. "ಮೊದಲ ಏಳೆಂಟ ತಿಂಗಳದಾಗ ಎಷ್ಟ ಬರತೈತೋ ಅಷ್ಟ. ಆಮ್ಯಾಲ ಕಠಿಣ."

ಹಿಚುಕಲಿಕ್ಕೆ ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ನಾಲ್ಕು ದಿನ ಹಿಡಿದಳು. ಐದನೆಯ ದಿನ ಎಡಗೈಯಿಂದ ಅದನ್ನು ಎತ್ತಿ ಮಾಳಿಗೆಯಿಂದ ರಸ್ತೆಗೆ ಒಗೆದಳು.

"ನಾ ಏನ್ ಕೂಸೇನ್ರಿ, ಚೆಂಡ್ ಆಡಾಕ? ಈ ಕೈ ಮೆಣಸಿನಕಾಯಿ ಹರದ ಬಂದ ಕೈ. ಹರಿಯಾಕ ಏನರ ಕೊಡ್ರಿ. ಎಳ್ಳಮಾಸಿಗೆ ಇದ ಕೈಲೇ ಚರಗಾ ಚೆಲ್ತೀನಿ, ನೋಡಕೋತ ಇರ್ರಿ."

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಮಾಡಿ, ಆ ಅಡುಗೆಯನ್ನೆಲ್ಲ ಕಲಸಿ ಬೆಳೆಯ ಸಾಲುಗಳಲ್ಲಿ ಚೆಲ್ಲುತ್ತ ನಡೆಯುತ್ತಾರೆ. ಅದು ಚರಗ. ಬೇರೆ ಮನೆಗಳಲ್ಲಿ ಗಂಡಸರು ಚೆಲ್ಲುವುದು ಹೆಚ್ಚು. ಇವಳ ಅಪ್ಪ ಇವಳು ಸಣ್ಣವಳಿದ್ದಾಗಿನಿಂದ ಇವಳ ಕೈಯಿಂದಲೇ ಚೆಲ್ಲಿಸುತ್ತಿದ್ದ. ಅವನು ಸತ್ತ ಮೇಲೂ ಅವಳ ತಮ್ಮ ಆ ಪದ್ಧತಿ ಮುರಿಯಲಿಲ್ಲ. ಮದುವೆಯಾಗಿ ಬಂದ ಮೇಲೆ ಒಂದು ವರ್ಷವೂ ಅವಳು ಅದನ್ನು ತಪ್ಪಿಸಿರಲಿಲ್ಲ, ಬಸುರಿ ಇದ್ದಾಗಲೂ.

ನಾವಿರುವುದು ಮಾಳಿಗೆಯ ಮೇಲಿನ ಒಂದು ಖೋಲಿಯಲ್ಲಿ. ಕೆಳಗೆ ಮಾಲಕಿ, ನಿವೃತ್ತಿಯಾದ ಶಿಕ್ಷಕಿ, ಓಣಿಗೆಲ್ಲ ಅಕ್ಕೋರು. ಅವರ ಮನೆಯ ಸ್ಲ್ಯಾಬ್ ಹಾಕಿದವನು ನಾನೇ. ಮೇಲಿನ ಖೋಲಿಯನ್ನೂ ನಾನೇ ಕಟ್ಟಿ, ಆಮೇಲೆ ಅದರಲ್ಲೇ ಬಾಡಿಗೆಗೆ ಬಂದೆ. ಖೋಲಿಯ ಮುಂದೆ ಬಯಲು ಮಾಳಿಗೆ, ನಾಲ್ಕು ಹೊರಸು ಹಾಕುವಷ್ಟು ಜಾಗ. ಹೆಂಡತಿಗೆ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ. ಅವಳು ಹೊಲಕ್ಕೆ ಹೋಗದಿದ್ದರೆ ಹೊಲವನ್ನೇ ಅವಳ ಮುಂದೆ ತಂದಿಡುತ್ತೇನೆ ಎಂದು ಹೊರಟೆ.

ಜನ ಬಕೆಟ್ಟಿನಲ್ಲಿ ಗಿಡ ಹಚ್ಚುತ್ತಾರೆ. ನಾನು ಗೌಂಡಿ, ನನಗೆ ಬಕೆಟ್ಟು ಕಣ್ಣಿಗೆ ಹಿಡಿಸಲಿಲ್ಲ. ಇಟ್ಟಿಗೆಯ ಮೂರು ಪಾತಿ ಕಟ್ಟಿದೆ. ಒಂದೊಂದು ಐದು ಅಡಿ ಉದ್ದ, ಎರಡು ಅಡಿ ಅಗಲ. ಅವಳು ಮಣೆಯ ಮೇಲೆ ಕೂತರೆ ಮಣ್ಣು ಸರಿಯಾಗಿ ಅವಳ ಮೊಣಕೈಗೆ ಬರಬೇಕು, ಹಾಗೆ ಅಳತೆ ತೆಗೆದುಕೊಂಡು ಕಟ್ಟಿದೆ. ನೀರು ಹೋಗಲು ಬುಡದಲ್ಲಿ ತೂತು ಬಿಟ್ಟೆ. ಅಕ್ಕೋರು ಮೇಲೆ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಗೌಂಡ್ಯಾರ, ಮಾಳಿಗಿ ಮ್ಯಾಲ ಹೊಲಾನ ಮಾಡೀರಲ್ರಿ. ಎತ್ತ ಯಾವಾಗ ಏರಸ್ತೀರಿ?"

"ಎತ್ತ ಯಾಕ ಬೇಕ್ರಿ ಅಕ್ಕೋರ, ನಾ ಇದ್ದೀನಲ್ಲ."

"ಮಣ್ಣ ಎಲ್ಲಿಂದು?"

"ಬೆಳವಣಕಿದ್ರಿ. ಆಕಿ ತವರಿನ ಎರಿ."

ಅಕ್ಕೋರ ನಗು ನಿಂತಿತು. "ಬರೇ ಎರಿ ಹಾಕಬ್ಯಾಡ್ರಿ. ಇಷ್ಟ ಜಾಗಾದಾಗ ಅದು ನೀರ ಹಿಡದ ಕುಂಡ್ರತೈತಿ. ಅರ್ಧಾ ಮಸಾರಿ ಹಾಕ್ರಿ, ಒಂದೀಟ ಉಸುಕು, ಒಂದೀಟ ತಿಪ್ಪಿ ಗೊಬ್ಬರಾ. ಸ್ಲ್ಯಾಬಿಗೂ ಹಗರ ಆಗತೈತಿ."

"ಅಕ್ಕೋರ, ನಾ ಏಳನೇ ಕ್ಲಾಸಿಗೆ ಸಾಲಿ ಬಿಟ್ಟಾಂವ. ಮಣ್ಣಿನ ಪಾಠಾ ಮಾತ್ರ ಮಣ್ಣಾಗ ನಿಂತ ಕಲ್ತೀನ್ರಿ."

"ಹಂಗಾರ ಪರೀಕ್ಷಾ ಬರೀರಿ, ನೋಡೂಣು" ಅಂದು ಇಳಿದು ಹೋದರು.

ಮಸಾರಿ ಬೇಕಾಗಿದ್ದರೆ ಬೇಕಾದಷ್ಟಿತ್ತು. ಲಕ್ಕಲಕಟ್ಟಿಯಿಂದ ಮಗಳು ಒಂದು ಮಾತಿಗೆ ಕಳಿಸುತ್ತಿದ್ದಳು. ಆದರೆ ಮಸಾರಿ ನಮ್ಮವ್ವ ಕಲ್ಲು ಆರಿಸಿದ ಮಣ್ಣು. ಹೆಂಡತಿ ಬಿದ್ದಿರುವಾಗ ಅವಳ ಮುಂದೆ ಅದನ್ನು ಇಡಲು ನನ್ನ ಮನಸ್ಸು ಒಪ್ಪಲಿಲ್ಲ. ಅವಳೂ ನನ್ನ ಕಡೆಯೇ ನಿಂತಳು. "ನಮ್ಮ ಎರಿಯಾಗ ಏನ್ ಬರೂದಿಲ್ಲಂತ ಅಕ್ಕೋರಿಗೆ?" ಎಂದು ಬಾಗಿಲಲ್ಲಿ ಕೂತು ಗೊಣಗಿದಳು.

ಅವಳ ತಮ್ಮ ಗೂಡ್ಸ್ ಗಾಡಿಯಲ್ಲಿ ಮೂವತ್ತೆಂಟು ಚೀಲ ಎರೆ ತಂದ. ಹೊರಲು ಕೈ ಹಚ್ಚಿದವನನ್ನು ನಾನು ತಡೆದೆ.

"ಮಣ್ಣ ನಿಂದು, ನೀ ತಂದಿ. ಮಾಳಿಗಿ ನಂದು, ನಾ ಏರಸ್ತೀನಿ."

"ಮಾಮಾ, ಟೊಂಕಾ ಹೋದೀತ್ರಿ."

"ಹೋದ್ರ ನಿಮ್ಮಕ್ಕನ ಬಾಜೂಕ ಮಲಗ್ತೀನಿ, ನಡಿ."

ಅವನು ಮೇಲೆ ಕೂತು ಚಹಾ ಕುಡಿಯುತ್ತ, "ಅಕ್ಕಾ, ಮಾಮಾರಿಗೆ ಹೊಲಾ ಪೂರಾ ಕೊಟ್ಟ ಬಂದೀನಿ ನೋಡು, ಬದು ಒಂದ ಉಳದೈತಿ" ಎಂದ. ಅವಳು ಬಾಯಿ ಸೊಟ್ಟ ಮಾಡಿಕೊಂಡೇ ನಕ್ಕಳು. ಲಕ್ವಾ ಹೊಡೆದ ಮೇಲೆ ಅದು ಮೊದಲ ನಗು. ಮೂವತ್ತೆಂಟು ಚೀಲವನ್ನೂ ಸಂಜೆಯೊಳಗೆ ಒಬ್ಬನೇ ಏರಿಸಿದೆ.

ಮೆಂತ್ಯೆ ನಾಲ್ಕನೆಯ ದಿನಕ್ಕೆ ಮೊಳೆಯಿತು. ಒಂದು ಪಾತಿಯಲ್ಲಿ ಮೆಂತ್ಯೆ, ಒಂದರಲ್ಲಿ ಪುಂಡಿ ಪಲ್ಯೆ, ಒಂದರಲ್ಲಿ ಬದನೆ ಮತ್ತು ಮೆಣಸಿನ ಸಸಿ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅವಳನ್ನು ಮಣೆಯ ಮೇಲೆ ಕೂರಿಸಿ, ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಣ್ಣಿನ ಮೇಲೆ ಇಟ್ಟು ಹೋಗುತ್ತಿದ್ದೆ. ಅವಳು ಅದರ ಜೊತೆ ಮಾತಾಡುತ್ತಿದ್ದಳು. "ಏಳು, ಹೊತ್ತೇರೇತಿ" ಎಂದು ಬೈಯುವುದು ಮೆಟ್ಟಿಲು ಇಳಿಯುವಾಗ ನನಗೆ ಕೇಳುತ್ತಿತ್ತು.

ನಾಗರ ಪಂಚಮಿ ಹತ್ತಿರವಿತ್ತು. ನಾನು ಒಳಗೆ ಅಂಗಿ ಹಾಕಿಕೊಳ್ಳುತ್ತಿದ್ದೆ.

"ಏನ್ರಿ! ಲಗೂ ಬರ್ರಿ, ಲಗೂ!"

ಬಿದ್ದಳೆಂದು ಓಡಿದೆ. ಅವಳು ಕೂತಲ್ಲೇ ಕೂತಿದ್ದಳು. ಬಲಗೈಯ ಹೆಬ್ಬೆರಳು ಮತ್ತು ತೋರು ಬೆರಳಿನ ನಡುವೆ ಒಂದು ಮೆಂತ್ಯೆಯ ಕಡ್ಡಿ. ಕೈ ನಡುಗುತ್ತಿತ್ತು, ಕಡ್ಡಿ ಬಿಟ್ಟಿರಲಿಲ್ಲ. ಎಳೆದಳು. ಬೇರು ಸಮೇತ ಬಂತು. ನನ್ನ ಅಂಗೈಯಲ್ಲಿ ಇಟ್ಟು, "ಎಣಸ್ರಿ" ಅಂದಳು.

"ಒಂದು" ಅಂದೆ.

ಆ ದಿನ ಕೆಲಸದ ಜಾಗದಲ್ಲಿ ಎಲ್ಲರಿಗೂ ನಾನೇ ಚಹಾ ಹೇಳಿದೆ. ವಾರದೊಳಗೆ ದಿನಕ್ಕೆ ಐದಾರು ಕಡ್ಡಿಯಾಯಿತು. ಒಂದು ದಿನ ಒಂಬತ್ತು. ಅಕ್ಕೋರನ್ನು ಮೇಲೆ ಕರೆದು ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡು, "ಪಾಸ್ ಆದ್ರಿ ಬಿಡ್ರಿ" ಎಂದರು. ನನಗೆ ಅಂದರೋ ಅವಳಿಗೆ ಅಂದರೋ, ನಾನಂತೂ ನನಗೇ ಎಂದುಕೊಂಡೆ.

ಆಮೇಲೆ ಜಡಿ ಮಳೆ ಹಿಡಿಯಿತು. ಎಂಟು ದಿನ ಬಿಸಿಲು ಕಾಣಲಿಲ್ಲ. ಎರೆ ಉಬ್ಬಿತು. ನಾನು ಬುಡದಲ್ಲಿ ಬಿಟ್ಟಿದ್ದ ತೂತುಗಳನ್ನು ಒಳಗಿನಿಂದ ಮೆತ್ತಿ ಮುಚ್ಚಿಬಿಟ್ಟಿತು. ಪಾತಿಗಳಲ್ಲಿ ನೀರು ನಿಂತಿತು, ಇಟ್ಟಿಗೆಯ ಮೂಲೆ ಸೀಳಿತು. ಮೆಂತ್ಯೆ ಹಳದಿಯಾಯಿತು, ಬದನೆ ಸಸಿ ನೀರಲ್ಲೇ ಬಾಡಿ ನಿಂತವು. ಒಂದನ್ನು ಕಿತ್ತು ನೋಡಿದೆ. ಬೇರು ಕೊಳೆತ ವಾಸನೆ. ಮಸಾರಿ ಕೂಡಿಸುವ ಹೊತ್ತು ಇನ್ನೂ ಮೀರಿರಲಿಲ್ಲ. ಮಳೆ ನಿಂತರೆ ಸರಿಹೋಗುತ್ತದೆ ಎಂದೆ.

ಒಂದು ಸಂಜೆ ಕೆಲಸದಿಂದ ಬಂದಾಗ ಅವಳು ಪಾತಿಯ ಮುಂದೆ ತೊಯ್ದು ಕೂತಿದ್ದಳು. ಬಲಗೈ ಮುಂಗೈವರೆಗೆ ಕೆಸರಿನಲ್ಲಿತ್ತು.

"ಯಾವಾಗಿಂದ ಕುಂತೀ?"

"ಮಧ್ಯಾಹ್ನದಿಂದ."

"ಎಡಗೈಲೇ ತಗೀಬೇಕಿಲ್ಲೇನ ಅದನ್ನ!"

"ತಗೀಬೌದಿತ್ತ್ರಿ. ಬಲಗೈ ತಾನ ಬರಲಿ ಅಂತ ಕುಂತೆ. ನಮ್ಮ ಎರಿ ಹಿಡಕೊಂಡತ್ರಿ. ಬಿಡವಲ್ದು."

ನಾನು ಅವಳ ಕೈ ಬಿಡಿಸಿದೆ. ಬೆರಳುಗಳು ತಣ್ಣಗೆ, ಮೊದಲಿನ ಹಾಗೆ ಒಳಗೆ ಮಡಚಿಕೊಂಡಿದ್ದವು. ಮರುದಿನ ಒಂದು ಕಡ್ಡಿಯನ್ನೂ ಹಿಡಿಯಲಿಲ್ಲ. ಹಿಡಿಯಲು ಕಡ್ಡಿಗಳೂ ಹೆಚ್ಚು ಉಳಿದಿರಲಿಲ್ಲ.

ಅದೇ ವಾರ ಅಕ್ಕೋರು ಕೆಳಗೆ ಕರೆದರು. ದೇವರ ಜಗಲಿಯ ಮೇಲೆ, ಸ್ಲ್ಯಾಬಿನಲ್ಲಿ, ಊಟದ ತಟ್ಟೆಯಷ್ಟು ಅಗಲ ಒದ್ದೆ ಕಲೆ. ಮೇಲೆ ಸರಿಯಾಗಿ ನಡುವಿನ ಪಾತಿ.

"ಇದು ಥಂಡೀರಿ ಅಕ್ಕೋರ" ಅಂದೆ. "ಈ ಮಳಿಗೆ ಎಲ್ಲಾ ಮನ್ಯಾಗೂ ಬರತೈತಿ."

ಅವರು ನನ್ನ ಮುಖ ನೋಡಿದರು. ಹದಿನೈದು ದಿನ ನಾನು ಅದನ್ನು ಥಂಡಿ ಎಂದೇ ಅಂದೆ. ಸೋರಿಕೆ ಎಂದು ಒಪ್ಪಿದರೆ ಪಾತಿ ತೆಗೆಯಬೇಕು, ಡಾಕ್ಟರು ಹೇಳಿದ ತಿಂಗಳುಗಳು ಇನ್ನೂ ಮುಗಿದಿರಲಿಲ್ಲ. ಅವಳ ಸಲುವಾಗಿ ಸುಳ್ಳು ಹೇಳುತ್ತಿದ್ದೇನೆ ಎಂದು ಸಮಾಧಾನ ಮಾಡಿಕೊಂಡೆ. ಖರೇ ಹೇಳುವುದಾದರೆ ಅರ್ಧಕ್ಕಿಂತ ಹೆಚ್ಚು ನನ್ನ ಸ್ಲ್ಯಾಬಿನ ಸಲುವಾಗಿ. ಅವಳದೇ ಚಿಂತೆ ಇದ್ದಿದ್ದರೆ ಎರೆ ತೆಗೆದು ಮಸಾರಿ ತುಂಬುವುದು ಎರಡು ದಿನದ ಕೆಲಸವಾಗಿತ್ತು.

ಗಣಪತಿ ಕಳಿಸಿದ ಮರುದಿನ ಕೆಳಗೆ ಸ್ಲ್ಯಾಬಿನ ಗಿಲಾವು, ಅಂದರೆ ಸಿಮೆಂಟಿನ ಪ್ಲಾಸ್ಟರು, ಕಳಚಿ ಬಿತ್ತು, ಜಗಲಿಯ ಮೇಲಿನ ದೇವರ ಮೇಲೆಯೇ. ನಾನು ಹೋದಾಗ ಅಕ್ಕೋರು ಮೂರ್ತಿಗಳನ್ನು ಸೆರಗಿನಿಂದ ಒರೆಸುತ್ತಿದ್ದರು.

"ಬರ್ರಿ ಗೌಂಡ್ಯಾರ. ನಿಮ್ಮ ಸ್ಲ್ಯಾಬ್ ಸೋರಾಕತ್ತಿಲ್ಲ ಬಿಡ್ರಿ. ನಮ್ಮ ದೇವರ ಬೆವತಾವ."

ನಾನು ಕುರ್ಚಿ ಹತ್ತಿ ಕೈಯಿಂದ ಮುಟ್ಟಿ ನೋಡಿದೆ. ಕಬ್ಬಿಣದ ಸಳಿ ಕಾಣುತ್ತಿತ್ತು, ತುಕ್ಕು ಹಿಡಿದಿತ್ತು. ಮೂವತ್ತೆಂಟು ಚೀಲ ಹಸಿ ಎರೆಯ ಭಾರಕ್ಕೆ ಸ್ಲ್ಯಾಬ್ ಕೂದಲೆಳೆಯಷ್ಟು ಬಿರಿದಿತ್ತು. ನೀರಿಗೆ ಅಷ್ಟು ಸಾಕು. ಯಾರ ಬುನಾದಿಯಲ್ಲೂ ಇರಗೊಡದ ಮಣ್ಣನ್ನು ನಾನು ಅವರ ತಲೆಯ ಮೇಲೆ ಹೇರಿದ್ದೆ.

"ಆಕಿ ಸಲುವಾಗಿ ಇಷ್ಟ ದಿನಾ ಸುಮ್ಮಿದ್ದೆ" ಎಂದರು ಅಕ್ಕೋರು. "ನಡುವಿಂದು ತಗೀರಿ, ಆ ಕಡೇದು ತಗೀರಿ. ಗ್ವಾಡಿ ಮ್ಯಾಲಿಂದು ಒಂದ ಇರಲಿ. ಮಸಾರಿ ಹಾಕಿ ಕೊಡ್ರಿ ಆಕಿಗೆ. ಕೈ ನಿಲ್ಲಸಬ್ಯಾಡ್ರಿ."

ಅಷ್ಟು ಒಳ್ಳೆಯ ಮಾತನ್ನು ನಾನು ತೆಗೆದುಕೊಳ್ಳಬೇಕಾಗಿತ್ತು. ಮೇಲೆ ಬಂದು ಸುತ್ತಿಗೆ ತೆಗೆದುಕೊಂಡೆ. ಮೊದಲ ಪಾತಿ ಒಡೆದೆ, ಎರಡನೆಯದು ಒಡೆದೆ. ಮೂರನೆಯದರ ಮುಂದೆ ಹೆಂಡತಿ ಬಂದು ಕೂತಳು.

"ಒಂದರ ಇಡ್ರಿ."

"ಇಟ್ರ ಎಲ್ಲಾ ಇಡಬೇಕು, ತಗದ್ರ ಎಲ್ಲಾ ತಗೀಬೇಕು. ಅವರ ಕೊಟ್ಟಷ್ಟ ಇಸಕೊಳ್ಳಾಕ ನಾ ಏನ್ ಭಿಕ್ಷಾ ಬೇಡಾಂವೇನು?"

"ನಿಮಗ ಯಾರ ಕೊಟ್ರು? ನನಗ ಕೊಟ್ರು."

ಅವಳನ್ನು ಎಬ್ಬಿಸಿ ಬಾಗಿಲಲ್ಲಿ ಕೂರಿಸಿ, ಮೂರನೆಯದನ್ನೂ ಒಡೆದೆ. ಆ ಪಾತಿಯಲ್ಲಿ ಎರಡು ಮೆಣಸಿನ ಸಸಿ ಬದುಕಿದ್ದವು. ಕೆಸರೆಲ್ಲ ಕೆಳಗಿಳಿಸಿ ಊರ ಹೊರಗೆ ಹಾಕಲು ನಾಲ್ಕು ದಿನ ಹಿಡಿಯಿತು. ಆಗಲೂ ಯಾರನ್ನೂ ಕರೆಯಲಿಲ್ಲ. ಅಕ್ಕೋರ ಸ್ಲ್ಯಾಬಿನ ರಿಪೇರಿ ಮಾಡಿ, ಗಿಲಾವು ಎಳೆದು, ಸುಣ್ಣ ಹೊಡೆದು ಕೊಡುವ ಹೊತ್ತಿಗೆ ದೀಪಾವಳಿ ಬಂದಿತ್ತು. ಆಮೇಲೆ ಬಕೆಟ್ಟುಗಳಲ್ಲಿ ಮಸಾರಿ ತುಂಬಿ ಮೆಂತ್ಯೆ ಹಾಕಿದೆ. ಚಲೋ ಬಂತು. ಅವಳನ್ನು ಕೂರಿಸಿ ಬೆರಳು ಬಿಡಿಸಿ ಇಟ್ಟೆ. ನಾನು ಕೈ ಬಿಟ್ಟೊಡನೆ ಬೆರಳು ಒಳಗೆ ಸೇರಿಕೊಂಡವು. ಅವಳು ಅದಕ್ಕೆ ಬೈಯಲಿಲ್ಲ. ಮಾತೂ ಆಡಿಸಲಿಲ್ಲ.

ಎಳ್ಳಮಾವಾಸ್ಯೆಗೆ ಅವಳ ತಮ್ಮ ಗಾಡಿ ತಂದು ಕರೆದುಕೊಂಡು ಹೋದ. ಬೆಳವಣಕಿಯ ಹೊಲದಲ್ಲಿ ಬಿಳಿಜೋಳ ಎದೆಯುದ್ದ ನಿಂತಿತ್ತು. ಎಡೆಯಾಯಿತು. ತಮ್ಮನ ಹೆಂಡತಿ ಚರಗದ ಬುಟ್ಟಿ ತಂದು ಇವಳ ಮುಂದೆ ಇಟ್ಟು ಹಿಂದೆ ಸರಿದಳು. ಎಲ್ಲರೂ ಬೇರೆ ಕಡೆ ನೋಡುತ್ತ ನಿಂತರು. ಇವಳು ಎಡಗೈಯಿಂದ ಬಲಗೈಯನ್ನು ಎತ್ತಿ ಬುಟ್ಟಿಯಲ್ಲಿಟ್ಟಳು. ಬೆರಳು ಮುಚ್ಚಲಿಲ್ಲ, ತೆರೆಯಲೂ ಇಲ್ಲ. ಅನ್ನ ಮುಂಗೈಗೆ ಮೆತ್ತಿತು.

"ಅಕ್ಕಾ, ಎಡಗೈಲೇ ಚೆಲ್ಲ. ಭೂಮಿತಾಯಿ ಏನ್ ಅಂತಾಳ?" ಎಂದ ತಮ್ಮ.

"ಆಕಿ ಅನ್ನೂದಿಲ್ಲ. ನನಗ ಬ್ಯಾಡ."

ನಾನು ಹೋಗಿ ಅವಳ ಮುಂಗೈ ಹಿಡಿದು, ಬೆರಳು ಬಿಡಿಸಿ, ಅನ್ನ ತುಂಬಿ, "ಬಾ, ಇಬ್ಬರೂ ಕೂಡಿ ಚೆಲ್ಲೂಣು" ಅಂದೆ.

"ಬಿಡ್ರಿ" ಅಂದಳು. ಸಿಟ್ಟಿರಲಿಲ್ಲ. "ನೀವ್ ಚೆಲ್ಲಿದಂಗ ಆಕ್ಕೇತಿ."

ಬುಟ್ಟಿಯನ್ನು ತಮ್ಮನ ಹೆಂಡತಿಯ ಕಡೆ ಸರಿಸಿದಳು. ಆಕೆ ಚೆಲ್ಲುತ್ತ ಜೋಳದೊಳಗೆ ಹೋದಳು, ಹಿಂದೆ ತಮ್ಮ ನೀರು ಚಿಮುಕಿಸುತ್ತ ಹೋದ. ನಾವಿಬ್ಬರೂ ಬದುವಿನ ಮೇಲೆ ಕೂತೆವು. ಅವಳ ಮುಂಗೈಗೆ ಅಂಟಿದ ಅನ್ನವನ್ನು ನಾನು ನೀರು ಹಾಕಿ ತೊಳೆದೆ.

ಅದಾದ ಮೇಲೆ ಇನ್ನೊಂದು ಎಳ್ಳಮಾವಾಸ್ಯೆ ಬಂದು ಹೋಯಿತು. ಅವಳು ಹೋಗಲಿಲ್ಲ. ಡಾಕ್ಟರು ಈಗ ಕೈ ಹಿಡಿದು ನೋಡುವುದೂ ಇಲ್ಲ, ರಕ್ತದೊತ್ತಡದ ಗುಳಿಗೆ ಬರೆದು ಕಳಿಸುತ್ತಾರೆ. ಅವಳು ಎಡಗೈಯಿಂದ ಅನ್ನ ಬೇಯಿಸುತ್ತಾಳೆ. ರೊಟ್ಟಿ ನಾನು ಬಡಿಯುತ್ತೇನೆ. ಬಾಗಿಲಲ್ಲಿ ಕೂಡುವಾಗ ಮಾಳಿಗೆಗೆ ಬೆನ್ನು ಮಾಡಿ, ಮುಖ ಒಳಗೆ ಮಾಡಿ ಕೂಡುತ್ತಾಳೆ. ಅಕ್ಕೋರು ನಮ್ಮನ್ನು ಖೋಲಿ ಬಿಡಿಸಲಿಲ್ಲ. ಒಂದೊಂದು ಸಲ ಮೇಲೆ ಬಂದು ಇಬ್ಬರೂ ಏನೋ ಮಾತಾಡುತ್ತಾರೆ, ನಾನು ಬಂದರೆ ನಿಲ್ಲಿಸುತ್ತಾರೆ. ನಾನು ಇನ್ನೂ ಕೆಲಸಕ್ಕೆ ಹೋಗುತ್ತೇನೆ. ನನ್ನ ಸ್ಲ್ಯಾಬಿನ ಮಾತು ಈಗ ಎಲ್ಲಿಯೂ ತೆಗೆಯುವುದಿಲ್ಲ.

ಮಾಳಿಗೆಯ ಮೇಲೆ ಈಗ ಬಣ್ಣದ ಬಕೆಟ್ಟು ಆರು. ಎಲ್ಲದರಲ್ಲೂ ಮಸಾರಿ, ಉಸುಕು, ಗೊಬ್ಬರ. ಬದನೆ ಎರಡು ಗಿಡ, ಮೆಣಸಿನಕಾಯಿ ಮೂರು, ಒಂದು ಬಕೆಟ್ಟು ಮೆಂತ್ಯೆ. ಇವತ್ತು ಬೆಳಿಗ್ಗೆ ಹರಿದದ್ದು ಬದನೆಕಾಯಿ ನಾಲ್ಕು, ಹಸಿಮೆಣಸಿನಕಾಯಿ ಹನ್ನೊಂದು. ಹರಿದವನು ನಾನು.